ಅತಿಥಿಗಳಿಗೆ ಮಾತ್ರ

ನಾನು ಇಂಗ್ಲಿಷ್ ಪಾಠ ಮಾಡುವವಳು. ಕುಂದಾಪುರದ ಆಚೆ ಹೆದ್ದಾರಿಯ ಬದಿಗಿರುವ ಒಂದು ಸರಕಾರಿ ಪದವಿ ಕಾಲೇಜಿನಲ್ಲಿ ತುಂಬ ವರ್ಷ ಇದ್ದೆ. ನಮ್ಮ ಕಡೆ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿ ಎಂದರೆ ಪಾಠಕ್ಕಿಂತ ಹೆಚ್ಚು ಬರವಣಿಗೆಯ ಚಾಕರಿ. ಬೆಂಗಳೂರಿಗೆ ಹೋಗುವ ವರದಿ, ಪರಿಶೀಲನೆಗೆ ಬರುವ ಸಮಿತಿಗೆ ಸ್ವಾಗತ ಭಾಷಣ, ಯಾರೋ ನಿವೃತ್ತರಾದರೆ ಅವರ ಗುಣಗಾನ, ಎಲ್ಲವೂ ನನ್ನ ಮೇಜಿಗೇ ಬರುತ್ತಿತ್ತು. ಹಾಗಾಗಿ ಸರಕಾರ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಒಪ್ಪಂದ ಮಾಡಿಕೊಳ್ಳುವ ಕಾಲೇಜುಗಳಿಗೆ ಅನುದಾನ ಕೊಡುತ್ತದೆ ಎಂಬ ಸುತ್ತೋಲೆ ಬಂದಾಗ ಅದೂ ನನ್ನ ಮೇಜಿಗೆ ಬಂತು.

ತಂದುಕೊಟ್ಟವರು ನಮ್ಮ ಸಂಯೋಜಕರು. ಅವರು ವಾಣಿಜ್ಯ ವಿಭಾಗದ ಹಿರಿಯ ಅಧ್ಯಾಪಕರು, ಆದರೆ ಅವರನ್ನು ತರಗತಿಯಲ್ಲಿ ಕಂಡವರು ಕಡಿಮೆ. ಯಾವ ಹೊಸ ಯೋಜನೆ ಬಂದರೂ ಅದಕ್ಕೆ ಅವರೇ ಸಂಯೋಜಕರು. ಪ್ರಿನ್ಸಿಪಾಲರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಎಲ್ಲಿ ತೋರಿಸಿದರೆ ಅಲ್ಲಿ ಸಹಿ ಹಾಕುತ್ತಿದ್ದರು. ಸಂಯೋಜಕರು ಸುತ್ತೋಲೆಯನ್ನು ಮೇಜಿನ ಮೇಲಿಟ್ಟು, ಇದು ಬಂದರೆ ನಮ್ಮ ಕಾಲೇಜು ಇಂಟರ್‌ನ್ಯಾಶನಲ್ ಆಗ್ತದೆ ಮೇಡಂ, ಇಂಗ್ಲಿಷ್ ನಿಮ್ಮದು, ಉಳಿದದ್ದು ನನ್ನದು ಎಂದರು. ಆ 'ಉಳಿದದ್ದು' ಎಂಬ ಮಾತಿನಲ್ಲಿ ಏನೆಲ್ಲ ಇತ್ತೆಂದು ನನಗೆ ಆಮೇಲೆ ಗೊತ್ತಾಯಿತು.

ಸುಳ್ಳು ಹೇಳುವುದಿಲ್ಲ, ಆ ಅರ್ಜಿಯನ್ನು ನಾನು ಮನಸ್ಸಿಟ್ಟು ಬರೆದೆ. ನಮ್ಮ ಮಕ್ಕಳು ಗಂಗೊಳ್ಳಿ, ಉಪ್ಪುಂದ, ತ್ರಾಸಿ ಕಡೆಯಿಂದ ಬಸ್ಸಿನಲ್ಲಿ ನಿಂತು ಬರುವವರು. ಇಂಗ್ಲಿಷನ್ನು ಪರೀಕ್ಷೆಯಲ್ಲಿ ಬರೆಯುವುದು ಬಿಟ್ಟರೆ ಒಬ್ಬ ಮನುಷ್ಯನ ಜೊತೆ ಆಡುವ ಮಾತಾಗಿ ಕಂಡವರಲ್ಲ. ಹೊರಗಿನ ಒಬ್ಬ ಅಧ್ಯಾಪಕಿ ಇಲ್ಲಿ ಬಂದು ದಿನಾ ಪಾಠ ಮಾಡಿದರೆ, ನಮ್ಮವರು ಅಲ್ಲಿ ಹೋಗಿ ಅವರು ಹೇಗೆ ಕಲಿಸುತ್ತಾರೆಂದು ನೋಡಿ ಬಂದರೆ ಇವರಿಗೆ ಒಂದಿಷ್ಟು ಧೈರ್ಯ ಬರುತ್ತದೆ ಎಂದು ನಂಬಿದ್ದೆ. ಅತಿಥಿ ಅಧ್ಯಾಪಕರು ಒಂದು ಪೂರ್ತಿ ಸೆಮಿಸ್ಟರ್ ಇರಬೇಕು ಎಂದು ಬರೆದೆ. ಜೊತೆಗೆ, ವಿದ್ಯಾರ್ಥಿನಿಯರಿಗೆ ಮೂಲ ಸೌಕರ್ಯ ಒದಗಿಸಬೇಕು ಎಂದೂ ಒಂದು ವಾಕ್ಯ ಸೇರಿಸಿದೆ.

ಆ ವಾಕ್ಯಕ್ಕೆ ಕಾರಣ ಇತ್ತು. ಹುಡುಗಿಯರ ಶೌಚಾಲಯ ಕಾಲೇಜಿನ ಹಿಂದೆ, ಸೈಕಲ್ ಶೆಡ್ಡಿನ ಆಚೆ. ಎರಡು ಬಾಗಿಲುಗಳಲ್ಲಿ ಒಂದಕ್ಕೆ ಚಿಲಕವಿಲ್ಲ, ಇನ್ನೊಂದರ ಗುಂಡಿ ಕಟ್ಟಿಕೊಂಡು ತುಂಬಿ ನಿಂತಿತ್ತು. ನಳ್ಳಿಯಲ್ಲಿ ನೀರು ಬಂದರೆ ಬಂತು. ಮಳೆಗಾಲದಲ್ಲಿ ನೆಲದ ಮೇಲೆ ಹುಳ ಹರಿಯುತ್ತಿತ್ತು. ಆ ದಿಕ್ಕಿನ ಕಿಟಕಿಗಳನ್ನು ನಾವು ತೆರೆಯುತ್ತಲೇ ಇರಲಿಲ್ಲ. ದುರಸ್ತಿ ಮಾಡಿಸಿ ಎಂದು ನಾನು ಕೇಳಿದಾಗಲೆಲ್ಲ ಫಂಡ್ ಇಲ್ಲ ಎಂಬ ಒಂದೇ ಉತ್ತರ.

ಅನುದಾನ ಮಂಜೂರಾಯಿತು. ಯಾವುದೋ ತಂಪು ದೇಶದ ವಿಶ್ವವಿದ್ಯಾಲಯವೊಂದು ನಮ್ಮ ಜೊತೆ ಒಪ್ಪಂದಕ್ಕೆ ಒಪ್ಪಿತು. ಅದು ಹೇಗೆ ಕುದುರಿತೆಂದು ನನಗೆ ಗೊತ್ತಿಲ್ಲ. ಕಾಲೇಜಿನ ಎದುರಿನ ಗೋಡೆಗೆ ಬಣ್ಣ ಬಿತ್ತು. ಹಿಂದಿನ ಗೋಡೆ ಪಾಚಿ ಕಟ್ಟಿಕೊಂಡು ಹಾಗೆಯೇ ಉಳಿಯಿತು. ಹೂಕುಂಡಗಳು ಬಂದವು. ಪ್ರಿನ್ಸಿಪಾಲರ ಕೋಣೆಯ ಪಕ್ಕದ ಸ್ಟೋರ್ ರೂಮನ್ನು ಒಡೆದು ಕೆಲಸ ಶುರುವಾಯಿತು. ಬಿಳಿ ಟೈಲ್ಸ್, ವಿದೇಶಿ ಕಮೋಡು, ಗೋಡೆಗೆ ದೊಡ್ಡ ಕನ್ನಡಿ, ಬಿಸಿನೀರಿನ ಗೀಸರು. ಅದಕ್ಕೆಂದೇ ಮೇಲೆ ಪ್ರತ್ಯೇಕ ನೀರಿನ ಟಾಂಕಿ. ಬಾಗಿಲ ಮೇಲೆ ಹಿತ್ತಾಳೆ ಬಣ್ಣದ ಫಲಕ ಹೊಡೆದರು: 'ಅತಿಥಿಗಳಿಗೆ ಮಾತ್ರ'. ಕೆಳಗೆ ಇಂಗ್ಲಿಷಿನಲ್ಲೂ ಅದನ್ನೇ ಬರೆಸಿದ್ದರು. ಕಾಗುಣಿತ ಸರಿ ಇದೆಯೇ ನೋಡಿ ಎಂದು ನನ್ನನ್ನೇ ಕರೆದರು.

ಹುಡುಗಿಯರ ಶೌಚಾಲಯದ ವಿಷಯ ಏನಾಯಿತು ಸರ್ ಎಂದು ಕೇಳಿದೆ. ಅದೇ ಇದು, ಮೂಲ ಸೌಕರ್ಯದ ತಲೆಬರಹದಲ್ಲೇ ಮಾಡಿಸಿದ್ದು ಎಂದು ಸಂಯೋಜಕರು ನಕ್ಕರು. ಆ ನಗುವಿನಲ್ಲಿ ಸಂಕೋಚ ಸ್ವಲ್ಪವೂ ಇರಲಿಲ್ಲ. ಬೀಗ ಹಾಕಿ ಕೀಲಿಕೈಯನ್ನು ಜೇಬಿಗೆ ಇಳಿಸಿದರು.

ಅತಿಥಿಗಳು ಬಂದ ದಿನ ತರಗತಿ ನಡೆಯಲಿಲ್ಲ. ಮಕ್ಕಳನ್ನು ಬಿಸಿಲಿನಲ್ಲಿ ಎರಡು ಸಾಲು ನಿಲ್ಲಿಸಿ ಕೈಗೆ ಹೂವು ಕೊಟ್ಟರು. ಬಂದವರು ಇಬ್ಬರು. ಒಬ್ಬರು ಆ ವಿಶ್ವವಿದ್ಯಾಲಯದ ವಿದೇಶ ಸಂಬಂಧಗಳ ನಿರ್ದೇಶಕರು. ಎತ್ತರದ, ನಯವಾದ ಮನುಷ್ಯ. ಯಾರು ಏನು ಹೇಳಿದರೂ ಅದ್ಭುತ ಎನ್ನುವವರು. ಇನ್ನೊಬ್ಬಾಕೆ ಮೂವತ್ತೈದರ ಆಚೀಚೆಯ ಅಧ್ಯಾಪಕಿ, ಇಲ್ಲಿ ಪಾಠ ಮಾಡಲು ಬಂದವಳು. ಇಬ್ಬರಿಗೂ ಪೇಟ ತೊಡಿಸಿದರು, ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು. ಒಪ್ಪಂದಕ್ಕೆ ಸಹಿ ಹಾಕಿ ಕೈ ಕುಲುಕಿದ್ದು ಫೋಟೋದಲ್ಲಿ ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ ಕುಲುಕಿಸಿದರು, ಆಮೇಲೆ ಶಾಸಕರ ಕಡೆಯವರು ತಡವಾಗಿ ಬಂದರೆಂದು ಮತ್ತೊಮ್ಮೆ. ಆಕೆಯ ಪೇಟ ಕಣ್ಣಿನ ಮೇಲೆ ಜಾರುತ್ತಿತ್ತು. ಬಿಸಿಲಿನಲ್ಲಿ ನಿಂತಿದ್ದ ಹುಡುಗಿಯೊಬ್ಬಳು ತಲೆ ತಿರುಗಿ ಕೂತುಕೊಂಡದ್ದನ್ನು ವೇದಿಕೆಯಲ್ಲಿದ್ದವರು ಯಾರೂ ನೋಡಲಿಲ್ಲ.

ನಿರ್ದೇಶಕರು ಮರವಂತೆ ಕಡಲು ನೋಡಿ, ದೇವಸ್ಥಾನ ನೋಡಿ, ಮೀನೂಟ ಮಾಡಿ ಮರುದಿನವೇ ಹೊರಟರು. ಸೆಮಿಸ್ಟರ್ ಎಂದು ನಾನು ಬರೆದದ್ದು ಅಷ್ಟರಲ್ಲಿ ಒಂದೂವರೆ ತಿಂಗಳಿಗೆ ಇಳಿದಿತ್ತು. ಅದರಲ್ಲೂ ಆಕೆಯನ್ನು ಪಾಠಕ್ಕೆ ಬಿಡಲು ಸಂಯೋಜಕರಿಗೆ ಮನಸ್ಸಿಲ್ಲ. ಇವತ್ತು ಬೈಂದೂರಿನಲ್ಲಿ ಒಂದು ಉದ್ಘಾಟನೆ, ನಾಳೆ ಬ್ರಹ್ಮಾವರದಲ್ಲಿ ಯಾರದೋ ಸನ್ಮಾನ, ನಾಡಿದ್ದು ಯಾವುದೋ ಸಂಘದ ವಾರ್ಷಿಕೋತ್ಸವ ಎಂದು ಕಾರಿನಲ್ಲಿ ಕೂರಿಸಿಕೊಂಡು ಊರೂರು ಸುತ್ತಿಸಿದರು. ಹೋದಲ್ಲೆಲ್ಲ ಅವರೂ ವೇದಿಕೆ ಹತ್ತುತ್ತಿದ್ದರು. ನಾನು ಭಾಷಾಂತರಕ್ಕೆ ಹಿಂದೆ. ಹೊಸ ಶಾಲಿನ ಆ ರಾಸಾಯನಿಕ ವಾಸನೆ ಕಾರಿನ ತುಂಬ ತುಂಬಿ ನನಗೆ ವಾಂತಿ ಬರುವ ಹಾಗೆ ಆಗುತ್ತಿತ್ತು. ಒಂದು ದಿನ ಆಕೆ ಕಾರಿನ ಬಳಿ ನಿಂತು, ನಾನು ಕಲಿಸಲು ಬಂದಿದ್ದೇನೆ, ಇನ್ನು ಎಲ್ಲಿಗೂ ಬರುವುದಿಲ್ಲ ಎಂದು ಮೆಲ್ಲಗೆ, ಆದರೆ ಖಂಡಿತವಾಗಿ ಹೇಳಿದಳು. ಆಮೇಲಷ್ಟೇ ಪಾಠ ಶುರುವಾಯಿತು.

ಪಾಠ ಚೆನ್ನಾಗಿತ್ತು. ಅವಳು ಮೇಜು ಕುರ್ಚಿ ಗೋಡೆಗೆ ಸರಿಸಿ ಮಕ್ಕಳನ್ನು ಸುತ್ತ ಕೂರಿಸುತ್ತಿದ್ದಳು. ಬೆಳಿಗ್ಗೆ ಬಸ್ಸಿನಲ್ಲಿ ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳಿ ಎನ್ನುತ್ತಿದ್ದಳು. ತಪ್ಪಾದರೆ ತಿದ್ದುತ್ತಿರಲಿಲ್ಲ, ಮುಂದೇನಾಯಿತು ಎಂದು ಕೇಳುತ್ತಿದ್ದಳು. ನನ್ನ ತರಗತಿಯಲ್ಲಿ ವರ್ಷವಿಡೀ ಬಾಯಿ ಬಿಡದ ಮಕ್ಕಳು ಅಲ್ಲಿ ಮಾತಾಡಿದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಖುಷಿಯೂ ಆಯಿತು. ಎಲ್ಲರಿಗಿಂತ ಚುರುಕಾಗಿದ್ದವಳು ಗಂಗೊಳ್ಳಿಯ ಒಬ್ಬ ಹುಡುಗಿ. ಮುಳ್ಳಿಕಟ್ಟೆಯಲ್ಲಿ ಬಸ್ಸು ಬದಲಿಸಿ ಬರುವವಳು. ಅವಳ ಅಮ್ಮ ಬಂದರಿನಲ್ಲಿ ಮೀನು ಕೊಂಡು ಕುಂದಾಪುರದ ಮಾರುಕಟ್ಟೆಯಲ್ಲಿ ಮಾರುತ್ತಿದ್ದರು. ನನ್ನ ಗಂಡ ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನಲ್ಲಿ ಮೇಲ್ವಿಚಾರಕರು. ಐಸ್ ಕೊಳ್ಳಲು ಬರುವ ಆ ತಾಯಿಯ ಪರಿಚಯ ಅವರಿಗೆ ಇತ್ತು.

ಒಂದು ಮಧ್ಯಾಹ್ನ ಆ ಹುಡುಗಿ ತಲೆ ಹಿಡಿದುಕೊಂಡು ಕೂತಿದ್ದಳು. ಸೆಖೆ ವಿಪರೀತ ಇತ್ತು. ಅತಿಥಿ ಅಧ್ಯಾಪಕಿ ತನ್ನ ಬಾಟಲಿಯ ನೀರು ಕೊಟ್ಟಳು. ಹುಡುಗಿ ಬೇಡ ಎಂದಳು. ಮತ್ತೆ ಕೊಟ್ಟರೂ ಬೇಡ. ನಾನು ಆಗ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನಾನು ಬಾಯಿ ಹಾಕಿದ ಬಾಟಲಿ ಎಂದು ಬೇಡ ಎನ್ನುತ್ತಾಳೋ ಏನೋ, ಕೇಳಿ ನೋಡು ಎಂದು ಆಕೆ ನನಗೆ ಹೇಳಿದಳು. ನಾನು ಕೇಳಿದೆ. ಹುಡುಗಿ ಸುತ್ತ ಗಂಡುಮಕ್ಕಳು ಇದ್ದಾರೆಯೇ ಎಂದು ನೋಡಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು:

"ನೀರ್ ಕುಡ್ದ್ರೆ ಹೋಯ್ಕಾತ್ತ್ ಮೇಡಂ. ಇಲ್ಲಿ ಎಲ್ಲಿಗೆ ಹೋಪುದ್? ನಾವ್ ಯಾರೂ ಕುಡೂದಿಲ್ಲ."

ಶೌಚಕ್ಕೆ ಹೋಗಲು ಜಾಗವಿಲ್ಲವೆಂದು ನೀರೇ ಕುಡಿಯುವುದಿಲ್ಲ ಎಂಬ ಈ ಮಾತನ್ನು ಇಂಗ್ಲಿಷಿಗೆ ತಿರುಗಿಸುವುದು ನನಗೆ ಕಷ್ಟವಾಯಿತು. ಭಾಷೆಗೆ ಕಷ್ಟವಿರಲಿಲ್ಲ. ಹೇಳಿದ ಮೇಲೆ ಆಕೆ ನನ್ನ ಮುಖ ನೋಡಿದಳು. ಎಷ್ಟು ಗಂಟೆಯಿಂದ ಎಂದು ಕೇಳಿದಳು. ಬೆಳಿಗ್ಗೆ ಮನೆ ಬಿಟ್ಟಲ್ಲಿಂದ ಸಂಜೆ ಮನೆ ಮುಟ್ಟುವವರೆಗೆ ಎಂದೆ. ತಿಂಗಳ ದಿನಗಳಲ್ಲಿ? ಆ ದಿನಗಳಲ್ಲಿ ಕಾಲೇಜಿಗೇ ಬರುವುದಿಲ್ಲ ಎಂದೆ. ಆಕೆಗೆ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಗೈರು ಯಾಕೆ ಹೆಚ್ಚು ಎಂದು ಅರ್ಥವಾಗಿರಲಿಲ್ಲವಂತೆ. ನನ್ನನ್ನು ಹಿಂದಿನ ಶೌಚಾಲಯಕ್ಕೆ ಕರೆದುಕೊಂಡು ಹೋಗು ಎಂದಳು. ಹೋದೆವು. ಆಕೆ ಬಾಗಿಲವರೆಗೆ ಹೋಗಿ ದುಪಟ್ಟಾದ ತುದಿಯನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಬಂದಳು.

ಮರುದಿನದಿಂದ ಅತಿಥಿಗಳ ಬಾಗಿಲಿನ ಕೀಲಿಕೈ ಆ ಗಂಗೊಳ್ಳಿ ಹುಡುಗಿಯ ಕೈಯಲ್ಲಿತ್ತು. ಅತಿಥಿ ಅಧ್ಯಾಪಕಿ ತನ್ನ ಬಳಕೆಗೆಂದು ಕೊಟ್ಟಿದ್ದ ಕೀಲಿಕೈಯನ್ನು ಯಾರನ್ನೂ ಕೇಳದೆ ಕೊಟ್ಟುಬಿಟ್ಟಿದ್ದಳು. ನಿನ್ನ ತರಗತಿಯ ಹುಡುಗಿಯರು ಸರದಿಯಲ್ಲಿ ಹೋಗಲಿ, ಕೊನೆಗೆ ಹೋದವರು ನೆಲ ಒರೆಸಲಿ ಎಂದಷ್ಟೇ ಹೇಳಿದ್ದಳಂತೆ. ಹುಡುಗಿಯರೇ ಮನೆಯಿಂದ ಫಿನಾಯಿಲ್ ತಂದರು, ಒಂದು ಪೊರಕೆ ತಂದರು. ಕೆಲವರು ಅಷ್ಟು ದೊಡ್ಡ ಕನ್ನಡಿಯಲ್ಲಿ ತಮ್ಮನ್ನು ಪೂರ್ತಿ ನೋಡಿಕೊಂಡದ್ದು ಅದೇ ಮೊದಲು. ಆ ವಾರ ನನ್ನ ತರಗತಿಗೆ ನೀರಿನ ಬಾಟಲಿಗಳು ಬಂದವು. ನನಗೆ ಈಗಲೂ ನೆನಪಿರುವುದು ಅದು. ಬೆಂಚಿನ ಮೇಲೆ ಸಾಲಾಗಿ ಬಾಟಲಿಗಳು, ಮಧ್ಯೆ ಮಧ್ಯೆ ಯಾರಾದರೂ ಎತ್ತಿ ಗಟಗಟ ಕುಡಿಯುವುದು.

ಸಂಯೋಜಕರಿಗೆ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಆ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆಸಿದರು. ಹತ್ತಾರು ಜನ ಅಧ್ಯಾಪಕರು ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ಅತಿಥಿ ಅಧ್ಯಾಪಕಿ ಆಗ ಅಲ್ಲಿರಲಿಲ್ಲ. ಅದನ್ನು ನೋಡಿಕೊಂಡೇ ಕರೆಸಿದ್ದು. ಕೀಲಿಕೈ ಮೇಜಿನ ಮೇಲಿಡು ಎಂದರು. ಅವಳು ಇಟ್ಟಳು.

"ಇದೆಂತ ಗಂಗೊಳ್ಳಿ ಬಂದರು ಅಂದ್ಕೊಂಡಿಯಾ? ನಿಮ್ಮ ಮೀನಿನ ಕಾಲಲ್ಲಿ ಅಲ್ಲಿ ಒಳಗೆ ಹೋಗ್ತೀರಲ್ಲ, ನಾಳೆ ಅವರು ವಾಸನೆ ಅಂತ ರಿಪೋರ್ಟ್ ಬರೆದ್ರೆ ಕಾಲೇಜಿನ ಮರ್ಯಾದೆ ಎಂತ ಆಗ್ಬೇಕು?"

ಹುಡುಗಿ ಅಳಲಿಲ್ಲ. ಕುತ್ತಿಗೆಯವರೆಗೆ ಕೆಂಪಾಗಿ, ತನ್ನ ಚಪ್ಪಲಿ ನೋಡುತ್ತ ನಿಂತಳು. ನನ್ನ ಪಕ್ಕದ ಇಬ್ಬರು ಮುಸಿಮುಸಿ ನಕ್ಕರು. ಒಬ್ಬರು ಸಾರು ಕಲಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ನಾನು ಬುತ್ತಿ ಬದಿಗೆ ಸರಿಸಿ ಎದ್ದು, ಸರ್, ಮಕ್ಕಳ ಹೆಸರಿನಲ್ಲಿ ತಂದ ದುಡ್ಡಿನಲ್ಲಿ ಕಟ್ಟಿಸಿದ್ದು ಅದು, ಅವಳನ್ನು ಬೈಯುವ ಹಕ್ಕು ನಿಮಗಿಲ್ಲ ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಮೇಡಂ, ನೀವು ಇಂಗ್ಲಿಷ್ ನೋಡಿಕೊಳ್ಳಿ ಎಂದರು. ಕೀಲಿಕೈ ಅವರ ಜೇಬಿಗೆ ಹೋಯಿತು.

ಅತಿಥಿ ಅಧ್ಯಾಪಕಿ ಸಂಯೋಜಕರ ಹತ್ತಿರ ಹೋಗಿ ಜಗಳವಾಡಿದಳು. ಅವರು ಕೈಮುಗಿದು, ಇದು ಸುರಕ್ಷತೆಯ ನಿಯಮ, ವಿದೇಶಿ ಅತಿಥಿಗಳ ಆರೋಗ್ಯಕ್ಕೆ ಸರಕಾರ ನಮ್ಮನ್ನು ಹೊಣೆ ಮಾಡಿದೆ ಎಂದರು. ಅಂಥ ನಿಯಮ ಎಲ್ಲಿಯೂ ಇರಲಿಲ್ಲ. ಬೇಕಾದಾಗ ಅಟೆಂಡರನ್ನು ಕರೆದರೆ ನಿಮಗೊಬ್ಬರಿಗೆ ಬಾಗಿಲು ತೆಗೆದುಕೊಡುತ್ತಾನೆ ಎಂದೂ ಹೇಳಿದರು. ಆಕೆ ಆ ದಿನದಿಂದ ಅಲ್ಲಿಗೆ ಹೋಗುವುದನ್ನೇ ಬಿಟ್ಟಳು. ನಮ್ಮ ಜೊತೆ ಸ್ಟಾಫಿನ ಶೌಚಾಲಯಕ್ಕೆ ಬರುತ್ತಿದ್ದಳು.

ಹುಡುಗಿ ಕಾಲೇಜಿಗೆ ಬರುವುದನ್ನು ನಿಲ್ಲಿಸಿದಳು. ವಾರ ಕಳೆದ ಮೇಲೆ ನಾನು ಗಂಡನಿಗೆ ಹೇಳಿ ಅವಳ ಮನೆಗೆ ಹೊರಟೆ. ಅವರು ಬೈಕು ಹೊರಡಿಸುತ್ತ, "ನೀನ್ ಎಂತ, ಕಾಲೇಜಿನ ಕಕ್ಕಸ್ ರಿಪೇರಿ ಮಾಡುಕೆ ಹೊರ್ಟದ್ದಾ?" ಎಂದು ಕೇಳಿದರು. ನಗಲಿಕ್ಕೆ ಹೇಳಿದ್ದು. ನನಗೆ ನಗು ಬರಲಿಲ್ಲ.

ತಾಯಿ ಆಗಷ್ಟೇ ಮಾರುಕಟ್ಟೆಯಿಂದ ಬಂದು ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದರು. ಕೂತುಕೊಳ್ಳಿ ಎಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ನನಗೆ ಮುಖ ಕೊಟ್ಟು ಮಾತಾಡಲಿಲ್ಲ, ಬುಟ್ಟಿಯನ್ನೇ ತಿಕ್ಕುತ್ತಿದ್ದರು. ಆಮೇಲೆ ಕೇಳಿದರು:

"ನನ್ ಹೆಣ್ಣ್ ಎಂತ ಕದ್ದಿತಾ ಟೀಚರ್? ಉಚ್ಚಿ ಹೊಯ್ಯುಕೆ ಹೋದ್ದ್ ಅಲ್ದಾ?"

ನಾನು, ತಪ್ಪು ಅವಳದಲ್ಲ ಎಂದೆ.

"ತಪ್ಪ್ ಅವಳದ್ದಲ್ಲ ಅಂದೇಳಿ ನಂಗೂ ಗೊತ್ತಿತ್. ಅವ್ರಿಗ್ ಯಾರ್ ಹೇಳುದ್?"

ಹುಡುಗಿ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಮೀನು ಎಂದದ್ದಕ್ಕೆ ಬೇಸರವಿಲ್ಲ ಮೇಡಂ, ಮೀನಿನಲ್ಲೇ ನಾವು ಊಟ ಮಾಡುವುದು, ಎಲ್ಲರೂ ಊಟ ಮಾಡುತ್ತ ಕೇಳಿದರಲ್ಲ, ಅದು ಮರೆಯುವುದಿಲ್ಲ ಎಂದಳು. ಆ ಎಲ್ಲರಲ್ಲಿ ನಾನೂ ಒಬ್ಬಳೆಂದು ಅವಳು ಹೇಳಲಿಲ್ಲ. ಪರೀಕ್ಷೆ ಹತ್ತಿರ ಬಂದಿದೆ, ಬಾ ಎಂದೆ. ನೋಡುತ್ತೇನೆ ಎಂದಳು. ಎರಡು ದಿನ ಬಿಟ್ಟು ಬಂದಳು. ನೀರಿನ ಬಾಟಲಿ ತಂದಿರಲಿಲ್ಲ.

ಸಮಾರೋಪಕ್ಕೆ ಸಭಾಂಗಣ ತುಂಬಬೇಕಿತ್ತು, ಮೇಲಿನ ಅಧಿಕಾರಿಗಳು ಬರುವವರಿದ್ದರು. ಹಾಗಾಗಿ ಈ ಸಲ ಹೆತ್ತವರನ್ನೂ ಕರೆಸಿದರು. ಬಂದ ಹೆತ್ತವರಿಗೆ ಊಟ ಇದೆ ಎಂದು ಪತ್ರದಲ್ಲಿ ಹಾಕಿದ್ದರು. ನಿರ್ದೇಶಕರು ಮತ್ತೆ ವಿಮಾನದಲ್ಲಿ ಬಂದರು. ಪುನಃ ಅದೇ ಪೇಟ, ಶಾಲು, ಹಾರ. ಗಂಗೊಳ್ಳಿಯ ತಾಯಿ ಮೂರನೆಯ ಸಾಲಿನಲ್ಲಿ ಇಸ್ತ್ರಿ ಹಾಕಿದ ಸೀರೆ ಉಟ್ಟು ಕೂತಿದ್ದರು. ನಾನು ವೇದಿಕೆಯ ಬದಿಯಲ್ಲಿ ಮೈಕು ಹಿಡಿದು ನಿಂತಿದ್ದೆ. ಬಂದವರ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುವುದು ನನ್ನ ಕೆಲಸ.

ನಿರ್ದೇಶಕರು ಎಲ್ಲವೂ ಅದ್ಭುತ ಎಂದರು. ನಾನೂ ಅದ್ಭುತ ಎಂದೆ. ಆಮೇಲೆ ಅಧ್ಯಾಪಕಿ ಎದ್ದಳು. ಮಕ್ಕಳನ್ನು ಹೊಗಳಿದಳು, ಊರನ್ನು ಹೊಗಳಿದಳು. ಆಮೇಲೆ ಕಾಗದ ಮಡಿಸಿಟ್ಟು ನಾಲ್ಕೈದು ವಾಕ್ಯ ಹೇಳಿದಳು. ಸಂಯೋಜಕರು ಬಾಗಿ ನನ್ನ ಕಿವಿಯಲ್ಲಿ, ಅದನ್ನೆಲ್ಲ ಹೇಳಬೇಡಿ, ಮಕ್ಕಳ ಪ್ರೀತಿಯನ್ನು ಮರೆಯುವುದಿಲ್ಲ ಎಂದರು ಅಂತ ಹೇಳಿಬಿಡಿ ಎಂದರು. ಅವರ ಬಾಯಿಂದ ಏಲಕ್ಕಿಯ ವಾಸನೆ ಬಂತು.

ನಾನು ಯಾವಾಗಲೂ ವೇದಿಕೆಯಲ್ಲಿ ಪುಸ್ತಕದ ಕನ್ನಡ ಆಡುವವಳು. ಆವತ್ತು ಬಾಯಿಗೆ ಬಂದದ್ದು ಮನೆಯ ಮಾತು.

"ಅವ್ರ್ ಹೇಳದ್ದ್ ಇಷ್ಟ್. ಇಲ್ಲಿ ಹೆಣ್ಮಕ್ಕಳ್ ಬೆಳಿಗ್ಗೆ ಮನೆ ಬಿಟ್ರೆ ಸಂಜೆ ವರೆಗೆ ನೀರ್ ಕುಡೂದಿಲ್ಲ. ಕುಡ್ದ್ರೆ ಹೋಪುಕೆ ಜಾಗ ಇಲ್ಲ. ಲಾಯ್ಕ್ ಇಪ್ಪು ಒಂದ್ ಜಾಗಕ್ಕೆ ಬೀಗ ಹಾಕಿ, ನಂಗೊಬ್ಳಿಗೇ ಅಂದೇಳಿ ಇಟ್ಟಿದ್ರ್. ಈ ಮಕ್ಕಳ ಎದ್ರ್ ಅಲ್ಲಿಗೆ ಹೋಪುಕೆ ನಂಗೆ ನಾಚ್ಕೆ ಆತ್ತ್. ಅವ್ರ್ ಹೇಳದ್ದ್ ಇದೇ, ನಾನ್ ಒಂದ್ ಮಾತೂ ಸೇರ್ಸ್ಲಿಲ್ಲ."

ಹಿಂದಿನ ಸಾಲುಗಳಲ್ಲಿ ಹುಡುಗಿಯರು ಚಪ್ಪಾಳೆ ತಟ್ಟಲು ಶುರುಮಾಡಿ ನಿಲ್ಲಿಸಿಬಿಟ್ಟರು. ಅಧಿಕಾರಿಯೊಬ್ಬರು ಮೊಬೈಲು ತೆಗೆದು ನೋಡತೊಡಗಿದರು. ಸಂಯೋಜಕರು ಮುಗುಳ್ನಗುತ್ತಲೇ ಇದ್ದರು, ಕ್ಯಾಮೆರಾ ಇನ್ನೂ ಅವರ ಮೇಲಿತ್ತು. ಆಗ ಮೂರನೆಯ ಸಾಲಿನಿಂದ ಗಂಗೊಳ್ಳಿಯ ತಾಯಿ ಎದ್ದು ನಿಂತರು. ಮೈಕು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಹ್ವಾಯ್, ಆ ಬೀಗದ ಕೈ ಈಗ ಎಲ್ಲಿತ್?"

ನಿರ್ದೇಶಕರು ನನ್ನ ಕಡೆ ಬಗ್ಗಿ, ಆ ಮಹಿಳೆ ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ಮಾಡಿ, ಇದು ಸ್ಥಳೀಯ ವಿಷಯ, ಸಂಸ್ಕೃತಿಯ ವಿಷಯ, ನಾವು ಗೌರವದಿಂದ ದೂರ ಇರಬೇಕು ಎಂದರು. ಸಂಸ್ಕೃತಿ! ಗುಂಡಿ ಕಟ್ಟಿಕೊಂಡು ಹುಳ ಹರಿಯುವ ಕಕ್ಕಸಿಗೆ ಆ ಮನುಷ್ಯ ಕೊಟ್ಟ ಹೆಸರು ಅದು. ಪಕ್ಕದಲ್ಲಿ ಕೂತಿದ್ದ ಅಧ್ಯಾಪಕಿಯ ಮುಖ ಬಿಳಿಚಿತು. ಆಕೆ ಅವರ ಕೈಕೆಳಗಿನವಳು. ತಲೆ ತಗ್ಗಿಸಿ ತನ್ನ ಶಾಲಿನ ಅಂಚು ಮಡಿಸುತ್ತ ಕೂತಳು. ನನಗೆ ಆ ಕ್ಷಣ ಸಂಯೋಜಕರಿಗಿಂತ ಈ ನಯವಾದ ಮನುಷ್ಯನ ಮೇಲೆ ಹೆಚ್ಚು ಹೇಸಿಗೆಯಾಯಿತು. ವಂದನಾರ್ಪಣೆಗೆ ಮುಂಚೆಯೇ ರಾಷ್ಟ್ರಗೀತೆ ಹಾಕಿದರು. ಎಲ್ಲರೂ ಎದ್ದು ನಿಂತರು. ಎದ್ದೇ ಇದ್ದ ತಾಯಿ ಹಾಗೆಯೇ ನಿಂತಿದ್ದರು.

ಅಂದು ಊಟದ ನಂತರ ಅತಿಥಿಗಳ ಶೌಚಾಲಯದ ಬಾಗಿಲು ತೆರೆಯಿತು. ಹೆತ್ತವರಲ್ಲಿ ಹೆಂಗಸರು ಗುಂಪಾಗಿ ಅಲ್ಲೇ ನಿಂತಿದ್ದರು. ಅಧಿಕಾರಿಗಳು ಹೊರಡುವ ದಾರಿ ಅದೇ ಆದ್ದರಿಂದ ಪ್ರಿನ್ಸಿಪಾಲರು ಹೆದರಿ ತೆಗೆಸಿದರು. ಫಲಕವನ್ನೂ ಕಿತ್ತರು. ನಾವು ಗೆದ್ದೆವೆಂದು ಹುಡುಗಿಯರು ಅಂದುಕೊಂಡರು, ನಾನೂ ಅಂದುಕೊಂಡೆ.

ಅತಿಥಿಗಳು ಹೋದ ವಾರವೇ ಮೇಲಿನ ಟಾಂಕಿಗೆ ನೀರು ಏರಿಸುವುದು ನಿಂತಿತು. ಪಂಪು ಕೆಟ್ಟಿದೆ ಎಂದರು. ಕೆಟ್ಟಿರಲಿಲ್ಲ, ಅದರ ಸ್ವಿಚ್ಚಿನ ಕೋಣೆಗೆ ಬೀಗ ಹಾಕಿದ್ದರು ಎಂದು ಅಟೆಂಡರ್ ನನಗೆ ಹೇಳಿದ. ಇಡೀ ಕಾಲೇಜಿನ ಹುಡುಗಿಯರಿಗೆ ಒಂದೇ ಕಮೋಡು, ಬಕೆಟ್ಟಿನಲ್ಲಿ ಹೊತ್ತು ತಂದ ನೀರು. ಎಷ್ಟು ದಿನ ನಡೆದೀತು? ಅದು ತುಂಬಿತು, ನಾತ ಪ್ರಿನ್ಸಿಪಾಲರ ಕೋಣೆಗೆ ಹೊಡೆಯಿತು. ಸಂಯೋಜಕರು ಅದರ ಫೋಟೋ ತೆಗೆಸಿ ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರಿಗೂ ತೋರಿಸಿದರು. ಇವರಿಗೆ ಒಳ್ಳೆಯದು ಕೊಟ್ಟರೆ ಹೀಗೆ ಇಟ್ಟುಕೊಳ್ಳುತ್ತಾರೆ, ಈಗಾದರೂ ಗೊತ್ತಾಯಿತಲ್ಲ ಎಂದರು. ನನ್ನನ್ನು ನೋಡಿಯೇ ಹೇಳಿದ್ದು. ಪಂಪಿನ ವಿಷಯ ಎತ್ತಿದೆ. ಚರ್ಚೆಗೆ ಸಮಯವಿಲ್ಲ ಎಂದರು. ಬಾಗಿಲಿಗೆ ಮತ್ತೆ ಬೀಗ ಬಿತ್ತು.

ಅದೇ ಬೇಸಿಗೆಯಲ್ಲಿ ನಮ್ಮ ಕಡೆಯಿಂದ ಇಬ್ಬರು ಅಲ್ಲಿಗೆ ಹೋಗಬೇಕಿತ್ತು. ಅರ್ಜಿಯಲ್ಲಿ ನನ್ನ ಹೆಸರಿತ್ತು, ಪಾಸ್‌ಪೋರ್ಟ್ ಕೂಡ ಮಾಡಿಸಿಕೊಂಡಿದ್ದೆ. ಹೋದವರು ಸಂಯೋಜಕರು, ಜೊತೆಗೆ ಅವರ ವಿಭಾಗದ ಇನ್ನೊಬ್ಬರು. ಹಿಮದ ಮೇಲೆ ನಿಂತ ಫೋಟೋಗಳು ಕಾಲೇಜಿನ ವಾಟ್ಸಾಪ್ ಗುಂಪಿಗೆ ಬಂದವು. ಅವರು ಅಲ್ಲಿ ಪಾಠ ಮಾಡಿದ್ದು ಹೋಗಲಿ, ಒಂದು ತರಗತಿಯಲ್ಲಿ ಕೂತದ್ದೂ ಯಾವ ಫೋಟೋದಲ್ಲೂ ಕಾಣಲಿಲ್ಲ. ಹಿಂದೆ ಬಂದ ಮೇಲೆ ಅವರಿಗೆ ಇಲ್ಲಿ ಮತ್ತೆ ಸನ್ಮಾನ. ನನ್ನನ್ನು ಬೈಂದೂರಿನ ಕಡೆಯ ಕಾಲೇಜಿಗೆ ವರ್ಗ ಮಾಡಿದರು. ಆಡಳಿತದ ಅನುಕೂಲಕ್ಕಾಗಿ ಎಂದು ಆದೇಶದಲ್ಲಿತ್ತು. ಒಪ್ಪಂದ ಮುಂದುವರಿದಿದೆ, ಎರಡನೆಯ ಕಂತಿನ ಅನುದಾನವೂ ಬಂತು. ವರದಿಯನ್ನು ಬೇರೆ ಯಾರೋ ಬರೆದರು. ಅದರಲ್ಲಿ, ಹೆಣ್ಣುಮಕ್ಕಳ ಸ್ನೇಹಿ ಸೌಲಭ್ಯ ನಿರ್ಮಿಸಲಾಯಿತು ಎಂಬ ಸಾಲು ಇದೆ.

ಗಂಗೊಳ್ಳಿಯ ಹುಡುಗಿ ಪದವಿ ಮುಗಿಸಿದಳು. ಈಗ ಬ್ರಹ್ಮಾವರದ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕಿದ್ದಾಳೆ. ಕಳೆದ ವರ್ಷ ಆ ಅತಿಥಿ ಅಧ್ಯಾಪಕಿಯಿಂದ ನನಗೆ ಒಂದು ಮೇಲ್ ಬಂತು. ನಮ್ಮ ಕಾಲೇಜಿನ ಅನುಭವದ ಬಗ್ಗೆ ಒಂದು ಲೇಖನ ಬರೆದಿದ್ದಾಳೆ, ಅಲ್ಲಿನ ಸಮ್ಮೇಳನದಲ್ಲಿ ಓದುತ್ತಾಳೆ, ನನ್ನ ಹೆಸರನ್ನೂ ಸಹಲೇಖಕಿ ಎಂದು ಸೇರಿಸಲೇ ಎಂದು ಕೇಳಿದ್ದಳು. ಲೇಖನ ಚೆನ್ನಾಗಿಯೇ ಇತ್ತು. ಕೊನೆಯಲ್ಲಿ ಒಂದು ಫೋಟೋ: ಆ ಹುಡುಗಿ ಬಾಗಿಲಿನ ಎದುರು ಕೀಲಿಕೈ ಹಿಡಿದು ನಗುತ್ತ ನಿಂತದ್ದು, ಕಾಲು ಬರಿಗಾಲು. ಕೆಳಗೆ, ಬಡ ಮೀನುಗಾರ ಸಮುದಾಯದ ವಿದ್ಯಾರ್ಥಿನಿ ಎಂದು ಬರೆದಿದ್ದಳು.

ಆ ಅಧ್ಯಾಪಕಿಯ ಮೇಲೆ ಹೇಸಿಗೆಪಡಲು ನನಗೆ ಮನಸ್ಸು ಬರಲಿಲ್ಲ, ಹೌದು ಎಂದು ಬರೆಯಲೂ ಮನಸ್ಸು ಬರಲಿಲ್ಲ. ನಾನೊಬ್ಬಳೇ ಉತ್ತರ ಕೊಡುವುದು ಸರಿಯಲ್ಲವೆಂದು ಒಂದು ಶನಿವಾರ ಬ್ರಹ್ಮಾವರಕ್ಕೆ ಹೋಗಿ ಹುಡುಗಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಅವಳು ದೊಡ್ಡದು ಮಾಡಿ ನೋಡಿದಳು. ಕೆಳಗಿನ ಇಂಗ್ಲಿಷ್ ಸಾಲನ್ನು ತಾನೇ ಓದಿದಳು.

"ಅವ್ರ್ ಒಳ್ಳೇರ್ ಮೇಡಂ. ನಂಗ್ ಅವ್ರ್ ಮೇಲೆ ಎಂತದೂ ಇಲ್ಲ. ಆದ್ರೆ ಇದ್ ಬೇಡ ಹೇಳಿ," ಎಂದಳು. ಆಮೇಲೆ, "ಬಡ ಅಂದೇಳಿ ನಾವ್ ಯಾರಿಗ್ ಹೇಳಿತ್ತ್?" ಎಂದು ಕೇಳಿದಳು.

ಕೌಂಟರಿನಲ್ಲಿ ಜನ ಕಾಯುತ್ತಿದ್ದರು. ಅವಳು ಎದ್ದು ಹೋದಳು. ನಾನು ಅಲ್ಲೇ ಹೊರಗಿನ ಬೆಂಚಿನಲ್ಲಿ ಕೂತು, ನನ್ನ ಹೆಸರು ಬೇಡ, ಅವಳ ಫೋಟೋ ತೆಗೆದುಹಾಕು, ಇದು ಅವಳ ಮಾತು ಎಂದು ಬರೆದು ಕಳಿಸಿದೆ. ಮರುದಿನ ಉತ್ತರ ಬಂತು. ಕ್ಷಮೆ ಕೇಳಿದ್ದಳು, ಫೋಟೋ ತೆಗೆದುಹಾಕಿದ್ದೇನೆ ಎಂದು ಬರೆದು ತಿದ್ದಿದ ಲೇಖನ ಕಳಿಸಿದ್ದಳು. ಫೋಟೋದ ಕೆಳಗಿದ್ದ ಆ ಸಾಲು ಮಾತ್ರ 'ಬಡ' ಎಂಬ ಶಬ್ದದ ಜೊತೆಗೇ ಲೇಖನದೊಳಗೆ ಉಳಿದುಕೊಂಡಿತ್ತು. ಆ ಶಬ್ದವನ್ನೂ ತೆಗೆದುಹಾಕು ಎಂದು ಇನ್ನೊಂದು ಮೇಲ್ ಬರೆದೆ.